ಸಾಲಕ್ಕೆ ಭದ್ರತೆಯಾಗಿ ಚೆಕ್ ಕೊಟ್ಟರೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಟಿನ ಎದುರಿನ ಬೀದಿಯಲ್ಲಿ ಒಂದು ಸಣ್ಣ ವಕೀಲರ ಆಫೀಸು ನಮ್ಮದು. ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಯಾರಾದರೂ ಕೂತಿರುತ್ತಾರೆ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಲಾಯರ್ ನೋಟಿಸು. ಅವರು ಆಡುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ಆ ಚೆಕ್ಕು ನಾನು ಸುಮ್ನೆ ಭದ್ರತೆಗೆ ಅಂತ ಕೊಟ್ಟಿದ್ದು." ಈ "ಸುಮ್ನೆ" ಅನ್ನೋ ಪದಕ್ಕೆ ಕೋರ್ಟಿನಲ್ಲಿ ಎಷ್ಟು ಬೆಲೆ ಇದೆ ಎಂದು ಹೇಳುವುದಕ್ಕೇ ಈ ಪುಟ. ಸಾಲ ತೆಗೆದುಕೊಂಡವರು, ಕೊಟ್ಟವರು, ಜಾಮೀನು ನಿಂತವರು, ಮೂವರೂ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಭದ್ರತೆಗೆ ಕೊಟ್ಟ ಚೆಕ್ ಬೌನ್ಸ್ ಆದರೆ ಕೇಸು ಆಗುವುದಿಲ್ಲ ಅಂತಾರಲ್ಲ, ನಿಜವೇ?

ಇಲ್ಲ. ಕಟ್ಟೆಯ ಮೇಲೆ ಹುಟ್ಟಿದ ಮಾತು ಇದು. ಬಹಳ ಜನರನ್ನು ಕಟಕಟೆ ಹತ್ತಿಸಿದ್ದೂ ಇದೇ ಮಾತು.

1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ "ಸೆಕ್ಯುರಿಟಿ ಚೆಕ್" ಎಂಬ ಬೇರೆ ಜಾತಿ ಇಲ್ಲ. ಕಾಯ್ದೆಯ 138ನೇ ಕಲಂ ಕೇಳುವುದು ಇಷ್ಟೇ: ಈ ಚೆಕ್ ಯಾವುದಾದರೂ ಸಾಲ ಅಥವಾ ಹೊಣೆ ತೀರಿಸಲು ಕೊಟ್ಟದ್ದೇ? ಬ್ಯಾಂಕಿಗೆ ಹಾಕಿದ ದಿನ ಆ ಸಾಲ ಬಾಕಿ ಇತ್ತೇ? ಎರಡಕ್ಕೂ ಹೌದು ಎಂದಾದರೆ, ಕೊಡುವಾಗ ನೀವು ಅದನ್ನು ಭದ್ರತೆ ಎಂದಿರಿ, ಗ್ಯಾರಂಟಿ ಎಂದಿರಿ, ಕೇಸು ನಿಲ್ಲುತ್ತದೆ.

ಸುಪ್ರೀಂ ಕೋರ್ಟ್ ಇದನ್ನು ಹಂತ ಹಂತವಾಗಿ ಬಿಡಿಸಿ ಹೇಳಿದೆ. 2014ರಲ್ಲಿ ಇಂಡಸ್ ಏರ್‌ವೇಸ್ ಕೇಸು ಬಂತು. ಸಾಮಾನು ಖರೀದಿಗೆ ಮುಂಗಡವೆಂದು ಚೆಕ್ ಕೊಟ್ಟಿದ್ದರು, ಆಮೇಲೆ ಆರ್ಡರೇ ರದ್ದಾಯಿತು. ಸಾಲವೇ ಹುಟ್ಟಲಿಲ್ಲ, ಹಾಗಾಗಿ ಅಪರಾಧವೂ ಇಲ್ಲ ಎಂದಿತು ಕೋರ್ಟ್. 2016ರಲ್ಲಿ ಬಂದ ಕೇಸಿನಲ್ಲಿ ಕೇಂದ್ರ ಸರ್ಕಾರದ ಇರೆಡಾ ಸಂಸ್ಥೆ ಸಾಲ ಕೊಟ್ಟಿತ್ತು, ಕಂತುಗಳಿಗೆ ಮುಂದಿನ ದಿನಾಂಕದ ಚೆಕ್ ಪಡೆದಿತ್ತು. ಕರಾರಿನಲ್ಲಿ "ಭದ್ರತೆಗಾಗಿ" ಎಂದೇ ಬರೆದಿತ್ತು. ಆದರೂ ಸಾಲದ ಹಣ ಕೈಸೇರಿತ್ತು, ಕಂತಿನ ದಿನ ಬಂದಿತ್ತು, ಕೇಸು ನಿಂತಿತು. 2021ರಲ್ಲಿ ಜಾರ್ಖಂಡ್‌ನಿಂದ ಹೋದ ಪ್ರಕರಣದಲ್ಲಿ ಕೋರ್ಟ್ ಇನ್ನೂ ಖಾರವಾಗಿ ಹೇಳಿತು: ಭದ್ರತೆಗೆ ಕೊಟ್ಟ ಚೆಕ್ ಬೆಲೆಯಿಲ್ಲದ ಕಾಗದವಲ್ಲ. ಹೇಳಿದ ದಿನಕ್ಕೆ ಸಾಲ ತೀರದಿದ್ದರೆ ಅದನ್ನು ಬ್ಯಾಂಕಿಗೆ ಹಾಕುವ ಹಕ್ಕು ಸಾಲ ಕೊಟ್ಟವನಿಗೆ ಬರುತ್ತದೆ.

ಕೆಲವು ವಕೀಲರು ಈಗಲೂ 2014ರ ತೀರ್ಪೊಂದನ್ನೇ ಹಿಡಿದುಕೊಂಡು ಕಕ್ಷಿದಾರರಿಗೆ ಧೈರ್ಯ ತುಂಬುತ್ತಾರೆ. ಕೈಸಾಲದ ಕೇಸಿನಲ್ಲಿ ಆ ಧೈರ್ಯ ಪಾಟಿ ಸವಾಲಿನವರೆಗೂ ಬಾಳಿಕೆ ಬರುವುದಿಲ್ಲ.

ನಾನು ಸಹಿ ಮಾತ್ರ ಹಾಕಿದ್ದೆ. ಮೊತ್ತ, ದಿನಾಂಕ, ಹೆಸರು ಎಲ್ಲ ಅವರೇ ಬರೆದುಕೊಂಡಿದ್ದಾರೆ. ಇದು ಮೋಸ ಅಲ್ವಾ?

ಮೋಸ ಆಗಿರಬಹುದು. ಆದರೆ "ಕೈಬರಹ ನನ್ನದಲ್ಲ" ಎಂಬುದೊಂದರಿಂದ ನೀವು ಪಾರಾಗುವುದಿಲ್ಲ.

2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಸಹಿ ಹಾಕಿದ ಖಾಲಿ ಚೆಕ್ಕನ್ನು ನೀವಾಗಿಯೇ ಕೊಟ್ಟಿದ್ದರೆ, ಉಳಿದದ್ದನ್ನು ಯಾರೇ ತುಂಬಿರಲಿ, ಅದು ಸಾಲ ತೀರಿಸಲು ಕೊಟ್ಟ ಚೆಕ್ ಎಂದೇ ಕೋರ್ಟ್ ಮೊದಲು ನಂಬುತ್ತದೆ. ಇದಕ್ಕೆ ಆಧಾರ 139ನೇ ಕಲಂ. ಬೇರೆ ಕ್ರಿಮಿನಲ್ ಕೇಸುಗಳಲ್ಲಿ ತಪ್ಪು ಮಾಡಿದ್ದಾನೆ ಎಂದು ದೂರುದಾರ ತೋರಿಸಬೇಕು. ಇಲ್ಲಿ ಸಹಿ ನಿಮ್ಮದೆಂದು ಒಪ್ಪಿದ ಕ್ಷಣ ಭಾರ ನಿಮ್ಮ ಹೆಗಲಿಗೆ ಬರುತ್ತದೆ. ಸಾಲ ಇರಲಿಲ್ಲ, ಅಥವಾ ಇಷ್ಟು ಇರಲಿಲ್ಲ ಎಂದು ನೀವು ತೋರಿಸಬೇಕು.

ಈ ವಿಷಯದಲ್ಲಿ ದೇಶದ ಎಲ್ಲ ಕೋರ್ಟುಗಳೂ ಎತ್ತಿ ಹೇಳುವ 2010ರ ತೀರ್ಪು ಹುಟ್ಟಿದ್ದು ನಮ್ಮ ಕರ್ನಾಟಕದ ಕೇಸಿನಲ್ಲೇ. ಮೊತ್ತ ಬರೀ 45,000 ರೂಪಾಯಿ, ಕೈಸಾಲ. ಸಹಿ ಹಾಕಿದ ಚೆಕ್ ಕಳೆದುಹೋಗಿತ್ತು, ಅದನ್ನು ದುರುಪಯೋಗ ಮಾಡಿದ್ದಾರೆ ಎಂದು ಆರೋಪಿ ಹೇಳಿದ. ಕೋರ್ಟ್ ನಂಬಲಿಲ್ಲ. ಆದರೆ ಅದೇ ತೀರ್ಪು ಆರೋಪಿಗಳಿಗೆ ಒಂದು ಬಾಗಿಲನ್ನೂ ತೆರೆದಿಟ್ಟಿದೆ. ನೀವು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ನಿಮ್ಮ ಮಾತು ನಂಬಬಹುದಾದದ್ದು ಎಂದು ತೋರಿದರೆ ಸಾಕು. ದೂರುದಾರನ ಸಾಕ್ಷ್ಯದಲ್ಲಿರುವ ತೂತುಗಳನ್ನೇ ಅದಕ್ಕೆ ಬಳಸಿಕೊಳ್ಳಬಹುದು.

ಹಾಗಾದರೆ ಆರೋಪಿ ಗೆಲ್ಲುವುದು ಹೇಗೆ? ಗೆದ್ದವರು ಇದ್ದಾರೆಯೇ?

ಇದ್ದಾರೆ. ಗೆದ್ದವರೆಲ್ಲ ಏನಾದರೂ ಒಂದು ಕಾಗದ ತೋರಿಸಿದವರು, ಇಲ್ಲವೇ ದೂರುದಾರನಿಂದಲೇ ಸತ್ಯ ಬಾಯಿ ಬಿಡಿಸಿದವರು.

ದಾರಿ ಮೂರ್ನಾಲ್ಕಿವೆ. ಮೊದಲನೆಯದು, "ಅಷ್ಟು ದುಡ್ಡು ನಿನ್ನ ಹತ್ತಿರ ಎಲ್ಲಿತ್ತು?" ಎಂಬ ಪ್ರಶ್ನೆ. 2019ರಲ್ಲಿ ಕರ್ನಾಟಕದಿಂದಲೇ ಹೋದ ಇನ್ನೊಂದು ಪ್ರಕರಣದಲ್ಲಿ 6 ಲಕ್ಷ ಸಾಲ ಕೊಟ್ಟೆ ಎಂದ ದೂರುದಾರ, ಆ ಕಾಲಕ್ಕೆ ಅಷ್ಟು ಹಣ ತನ್ನಲ್ಲಿ ಇತ್ತೆಂದು ತೋರಿಸಲಾಗಲಿಲ್ಲ. ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಎರಡನೆಯದು, ಸಾಲ ತೀರಿಸಿದ ದಾಖಲೆ: ಫೋನ್‌ಪೇ ಇತಿಹಾಸ, ಬ್ಯಾಂಕ್ ಸ್ಟೇಟ್‌ಮೆಂಟ್, "ಬಡ್ಡಿ ಬಂತು" ಎಂದು ಅವರೇ ಕಳಿಸಿದ ವಾಟ್ಸಾಪ್ ಸಂದೇಶ. ಮೂರನೆಯದು ಚೆಕ್ಕಿನ ಮೇಲೇ ಇರುತ್ತದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಬೇಕರಿ ಇಟ್ಟುಕೊಂಡಿದ್ದ ಒಬ್ಬರು ಬಂದಿದ್ದರು. ಚೆಕ್ಕಿನ ದಿನಾಂಕ 2023, ಮೊತ್ತ ಮೂರೂವರೆ ಲಕ್ಷ. 2019ರಲ್ಲಿ ಒಂದು ಲಕ್ಷ ಪಡೆಯುವಾಗ ಕೊಟ್ಟ ಖಾಲಿ ಹಾಳೆ ಅದು ಎಂದರು. ಸಾಕ್ಷಿ ಏನಿದೆ ಎಂದರೆ ಏನೂ ಇಲ್ಲ. ಬೇಸರದಿಂದಲೇ ಪಾಸ್‌ಬುಕ್ ತರಲು ಹೇಳಿದೆ. ಕೇಸಿನ ಚೆಕ್ ನಂಬರಿನ ಹಿಂದಿನ ಹಾಳೆ 2019ರ ಜೂನ್‌ನಲ್ಲಿ ಮೈದಾ ಅಂಗಡಿಗೆ ಪಾಸಾಗಿತ್ತು, ಮುಂದಿನ ಹಾಳೆ ಅದೇ ತಿಂಗಳು ಮಕ್ಕಳ ಶಾಲೆಗೆ. ಆ ಚೆಕ್ ಪುಸ್ತಕವೇ 2019ರಲ್ಲಿ ಮುಗಿದಿತ್ತು. ನಡುವೆ ಈ ಒಂದು ಹಾಳೆ ಮಾತ್ರ ನಾಲ್ಕು ವರ್ಷ ಎಲ್ಲೋ ಮಲಗಿ 2023ರಲ್ಲಿ ಎದ್ದು ಬಂದಿದೆ. "2023ರಲ್ಲಿ ಸಾಲ ಕೊಟ್ಟೆ, ಆಗಲೇ ನನ್ನ ಮುಂದೆ ಬರೆದುಕೊಟ್ಟರು" ಎಂದು ದೂರುದಾರ ಪ್ರಮಾಣ ಮಾಡಿ ಹೇಳಿಯಾಗಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟು ಪಾಟಿ ಸವಾಲು ಮಾಡಿದ ದಿನವೇ ರಾಜಿ ಮಾತು ಬಂತು. ನಿಮ್ಮ ಹತ್ತಿರ ಏನೂ ಇಲ್ಲ ಅನಿಸಿದರೂ ಒಮ್ಮೆ ಚೆಕ್ ನಂಬರ್ ನೋಡಿ.

ಸಾಲ ಅರ್ಧ ತೀರಿಸಿದ್ದೇನೆ. ಆದರೂ ಚೆಕ್ಕಿನಲ್ಲಿ ಪೂರ್ತಿ ಮೊತ್ತ ಬರೆದು ಹಾಕಿದ್ದಾರೆ.

ಇಲ್ಲಿ ಕಾನೂನು ನಿಮ್ಮ ಕಡೆ ಇದೆ. 2022ರ ಅಕ್ಟೋಬರ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನಿಮ್ಮ ವಕೀಲರಿಗೆ ನೆನಪಿಸಿ. ಅಲ್ಲಿ ಚೆಕ್ 20 ಲಕ್ಷದ್ದು. ಮಧ್ಯೆ 4,09,315 ರೂಪಾಯಿ ಮರುಪಾವತಿ ಆಗಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯದೆ 20 ಲಕ್ಷಕ್ಕೇ ಚೆಕ್ ಹಾಕಿದರು. ಚೆಕ್ ಹಾಕಿದ ದಿನ ಬಾಕಿ ಅಷ್ಟಿರಲಿಲ್ಲ, ಆದ್ದರಿಂದ 138ನೇ ಕಲಮಿನ ಅಪರಾಧ ಆಗಲಿಲ್ಲ ಎಂದಿತು ಕೋರ್ಟ್. ಭಾಗಶಃ ಹಣ ಬಂದಿದ್ದರೆ ಸಾಲ ಕೊಟ್ಟವನು ಅದನ್ನು 56ನೇ ಕಲಂ ಪ್ರಕಾರ ಚೆಕ್ಕಿನ ಮೇಲೆಯೇ ನಮೂದಿಸಬೇಕು, ಆಮೇಲೆ ಉಳಿದ ಬಾಕಿಗಷ್ಟೇ ಅದನ್ನು ಹಾಕಬೇಕು.

ಆದರೆ ಒಂದು ಸಿಕ್ಕು ಇದೆ. ಊರ ಸಾಲಗಳಲ್ಲಿ ನೀವು ಕೊಟ್ಟದ್ದು ಅಸಲಿಗೋ ಬಡ್ಡಿಗೋ ಎಂಬುದೇ ಜಗಳ. ಎರಡು ಲಕ್ಷ ತಂದಿರಿ, ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿ. ತಿಂಗಳಿಗೆ 6,000. ಇಪ್ಪತ್ತು ತಿಂಗಳು ಕಟ್ಟಿದರೆ 1,20,000 ಹೋಯಿತು. ನಿಮ್ಮ ಮನಸ್ಸಿನಲ್ಲಿ ಸಾಲ 80,000ಕ್ಕೆ ಇಳಿದಿದೆ. ಅವರ ಡೈರಿಯಲ್ಲಿ ಎರಡು ಲಕ್ಷ ಹಾಗೇ ಇದೆ. ಹಣ ಕಳಿಸುವಾಗ "ಅಸಲಿಗೆ" ಎಂದು ಒಂದು ಪದ ಸಂದೇಶದಲ್ಲಿ ಬರೆದಿದ್ದರೆ ಈ ಜಗಳ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟು ಬಡ್ಡಿ ಕೇಳುವುದೇ ಕಾನೂನುಬಾಹಿರ ಅಲ್ವಾ?

ಹೌದು. ಲೇವಾದೇವಿ ಮಾಡುವವರು 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯಡಿ ಪರವಾನಗಿ ಪಡೆಯಬೇಕು. ಅಡಮಾನ ಇದ್ದರೆ ವರ್ಷಕ್ಕೆ ಶೇ. 14, ಇಲ್ಲದಿದ್ದರೆ ಶೇ. 16 ಎಂದು ಸರ್ಕಾರ ಮಿತಿ ಹಾಕಿದೆ. ಮೇಲಿನ ಲೆಕ್ಕದ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ. 36. ಮೀಟರ್ ಬಡ್ಡಿಯಂಥವಕ್ಕೆ ಕಡಿವಾಣ ಹಾಕಲೆಂದೇ 2004ರಲ್ಲಿ ವಿಪರೀತ ಬಡ್ಡಿ ನಿಷೇಧ ಕಾಯ್ದೆಯೂ ಬಂತು.

2025ರಲ್ಲಿ, ಮೈಕ್ರೋಫೈನಾನ್ಸ್ ಕಿರುಕುಳದಿಂದ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ದಿನವೂ ಬರುತ್ತಿದ್ದಾಗ, ಸರ್ಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಆಮೇಲೆ ಅದು ಕಾಯ್ದೆಯಾಯಿತು. ಕಿರು ಸಾಲ ಮತ್ತು ಸಣ್ಣ ಸಾಲದ ವಸೂಲಿಯಲ್ಲಿ ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದರ ಅಡಿಗೆ ಬರುವ ಸಂಸ್ಥೆಗಳು ಸಾಲಕ್ಕೆ ಭದ್ರತೆಯನ್ನೇ ಕೇಳುವಂತಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕು, ಹಣಕಾಸು ಕಂಪನಿಗಳಿಗೆ ಇದು ಅನ್ವಯಿಸುವುದಿಲ್ಲ.

ಆದರೆ ಈ ಕಾಯ್ದೆಗಳ ಹೆಸರು ಹೇಳಿದ ಕೂಡಲೇ ಚೆಕ್ ಕೇಸು ಬಿದ್ದುಹೋಗುತ್ತದೆ ಎಂದುಕೊಳ್ಳಬೇಡಿ. ಪರಿಚಯದ ಮೇಲೆ ಒಮ್ಮೆ ಕೈಸಾಲ ಕೊಟ್ಟವರು ಲೇವಾದೇವಿದಾರರಾಗುವುದಿಲ್ಲ. ಅವರು ಬಡ್ಡಿ ವ್ಯಾಪಾರವನ್ನೇ ಮಾಡುತ್ತಾರೆ ಎಂದು ನೀವು ತೋರಿಸಬೇಕು. ಅದೇ ಕೋರ್ಟಿನಲ್ಲಿ ಅವರು ಹಾಕಿರುವ ಬೇರೆ ಚೆಕ್ ಕೇಸುಗಳ ನಂಬರ್ ಹುಡುಕಿ ತಂದರೆ ಆ ವಾದಕ್ಕೆ ಕಾಲು ಬರುತ್ತದೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಸಿಗುತ್ತದೆ.

ನೋಟಿಸ್ ಬಂದಿದೆ. ಎಷ್ಟು ದಿನ ಇದೆ ನನಗೆ?

ಹದಿನೈದು ದಿನ, ನೋಟಿಸ್ ಕೈಸೇರಿದ ದಿನದಿಂದ. ಅಷ್ಟರಲ್ಲಿ ಚೆಕ್ಕಿನ ಮೊತ್ತ ಕೊಟ್ಟುಬಿಟ್ಟರೆ ಅಪರಾಧವೇ ಹುಟ್ಟುವುದಿಲ್ಲ.

ಪೂರ್ತಿ ಲೆಕ್ಕ ಒಂದು ಉದಾಹರಣೆಯಲ್ಲಿ ನೋಡಿ. ಚೆಕ್ ವಾಪಸಾದ ಮೆಮೊ ಮಾರ್ಚ್ 5ಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಸಾಲ ಕೊಟ್ಟವರು 30 ದಿನದೊಳಗೆ, ಅಂದರೆ ಏಪ್ರಿಲ್ 4ರೊಳಗೆ, ನೋಟಿಸ್ ಕಳಿಸಬೇಕು. ನಿಮಗೆ ಅದು ಏಪ್ರಿಲ್ 10ಕ್ಕೆ ತಲುಪಿದರೆ ಏಪ್ರಿಲ್ 25ರವರೆಗೆ ನಿಮಗೆ ಸಮಯ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಅವರು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ದಾಖಲಿಸಬೇಕು. ದೂರು ತಡವಾದರೆ ಸರಿಯಾದ ಕಾರಣ ಕೊಟ್ಟು ಕ್ಷಮೆ ಕೇಳಬಹುದು. ನೋಟಿಸಿನ 30 ದಿನ ತಪ್ಪಿದರೆ ಮಾತ್ರ ಆ ಬೌನ್ಸ್ ಮೇಲೆ ಕೇಸಿಲ್ಲ. ಆದರೆ ಚೆಕ್ಕಿನ ಅವಧಿ, ಅಂದರೆ ಅದರ ಮೇಲಿನ ದಿನಾಂಕದಿಂದ 3 ತಿಂಗಳು, ಇನ್ನೂ ಉಳಿದಿದ್ದರೆ ಅದನ್ನೇ ಮತ್ತೆ ಹಾಕಬಹುದು. 2012ರ ಏಪ್ರಿಲ್‌ಗೆ ಮೊದಲು ಈ ಅವಧಿ 6 ತಿಂಗಳು ಇತ್ತು.

ಖಾಲಿ ದಿನಾಂಕದ ಚೆಕ್ಕಿಗೆ ಈ ಮೂರು ತಿಂಗಳ ರಕ್ಷಣೆ ಇಲ್ಲ ಎಂಬುದನ್ನು ಗಮನಿಸಿ. ದಿನಾಂಕ ಬರೆಯುವವರೆಗೆ ಗಡಿಯಾರ ಓಡುವುದಿಲ್ಲ.

ನೋಟಿಸ್ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ?

ಏನೂ ಪ್ರಯೋಜನವಿಲ್ಲ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ (2025ರಲ್ಲಿ ಇದು ಸ್ಪೀಡ್ ಪೋಸ್ಟ್ ಜತೆ ಸೇರಿತು, ಈಗ ಅದರಲ್ಲೇ ಕಳಿಸಬೇಕು) ಕಳಿಸಿದ್ದು "ಬಾಗಿಲು ಹಾಕಿದೆ", "ಸ್ವೀಕರಿಸಲು ನಿರಾಕರಿಸಿದ್ದಾರೆ" ಎಂಬ ಷರಾ ಹೊತ್ತು ಹಿಂದಿರುಗಿದರೂ ತಲುಪಿದಂತೆಯೇ ಲೆಕ್ಕ. 2007ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ತೆಗೆದುಕೊಳ್ಳಿ, ಓದಿ, ಉತ್ತರ ಕೊಡಿ. ಉತ್ತರ ಕೊಡದೆ ಸುಮ್ಮನಿದ್ದು ಎರಡು ವರ್ಷದ ನಂತರ ಕೋರ್ಟಿನಲ್ಲಿ "ಅದು ಭದ್ರತೆಗೆ ಕೊಟ್ಟದ್ದು" ಎಂದರೆ, "ಅವತ್ತೇ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಸ್ಟಾಪ್ ಪೇಮೆಂಟ್ ಕೊಟ್ಟರೆ ಅಥವಾ ಖಾತೆ ಮುಚ್ಚಿಬಿಟ್ಟರೆ ಬಚಾವಾಗಬಹುದೇ?

ಖಾತೆ ಮುಚ್ಚುವುದು ಅತಿ ಕೆಟ್ಟ ಉಪಾಯ. ಖಾತೆ ಮುಚ್ಚಿದೆ, ಸಹಿ ಹೊಂದುತ್ತಿಲ್ಲ, ಪಾವತಿ ತಡೆಯಲಾಗಿದೆ, ಇವುಗಳಲ್ಲಿ ಯಾವ ಕಾರಣಕ್ಕೆ ವಾಪಸಾದರೂ 138ನೇ ಕಲಂ ಅನ್ವಯಿಸುತ್ತದೆ. ಮೇಲಾಗಿ ಖಾತೆ ಮುಚ್ಚಿದ್ದು ನೋಡಿದರೆ ಮೊದಲಿನಿಂದಲೂ ಮೋಸದ ಉದ್ದೇಶ ಇತ್ತು ಎಂದು ಎದುರಿನವರು ವಾದಿಸಲು ದಾರಿಯಾಗುತ್ತದೆ.

ಸ್ಟಾಪ್ ಪೇಮೆಂಟಿಗೆ ಒಂದು ಸಂದರ್ಭದಲ್ಲಿ ಅರ್ಥ ಇದೆ. ಸಾಲ ಪೂರ್ತಿ ತೀರಿದೆ, ಚೆಕ್ ವಾಪಸ್ ಕೊಡುತ್ತಿಲ್ಲ. ಆಗ ಕಾರಣ ಬರೆದು ಬ್ಯಾಂಕಿಗೆ ಪತ್ರ ಕೊಡಿ, ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಸಾಲ ಕೊಟ್ಟವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಿ. ಖಾತೆಯಲ್ಲಿ ಸಾಕಷ್ಟು ಹಣ ಇದ್ದೂ ಸರಿಯಾದ ಕಾರಣಕ್ಕೆ ತಡೆದಿದ್ದೀರಿ ಎಂದು ತೋರಿಸಿದರೆ ಅದು ಒಳ್ಳೆಯ ರಕ್ಷಣೆ.

ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸಿಂಡಿಕೇಟ್ ಬ್ಯಾಂಕ್ ಇದ್ದಾಗಿನ ಹಳೆಯ ಚೆಕ್ ಕೊಟ್ಟಿದ್ದೆ. ಈಗ ಅದು ನಡೆಯುತ್ತದೆಯೇ?

ಮೈಸೂರು ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಜತೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜತೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ನಮ್ಮ ನೆಲದ ನಾಲ್ಕು ಬ್ಯಾಂಕುಗಳು ನಾಲ್ಕೇ ವರ್ಷದಲ್ಲಿ ಬೋರ್ಡು ಬದಲಿಸಿದವು, ಅದು ಬೇರೆ ಸಂಕಟ. ಅವುಗಳ ಹಳೆಯ ಚೆಕ್ ಹಾಳೆಗಳ ಮಾನ್ಯತೆಯೂ ಮುಗಿದಿದೆ. ಇಂಥ ಅಮಾನ್ಯ ಚೆಕ್ ವಾಪಸಾದರೆ 138 ಅನ್ವಯವಾಗದು ಎಂದು ಅಲಹಾಬಾದ್ ಹೈಕೋರ್ಟ್ ಹೇಳಿದೆ. ಚೆಕ್ ಕೇಸು ಬೀಳಬಹುದು, ಸಾಲ ಬೀಳುವುದಿಲ್ಲ. ಸಿವಿಲ್ ದಾವೆ ಹಾಕಬಹುದು.

ಜಾಮೀನಿಗೆ ಅಂತ ನನ್ನ ಚೆಕ್ ಕೊಟ್ಟೆ. ಸಾಲ ನನ್ನದಲ್ಲ, ಭಾವನದು.

ಕಲಮಿನಲ್ಲಿ "ಯಾವುದೇ ಸಾಲ ಅಥವಾ ಇತರ ಹೊಣೆ" ಎಂದಿದೆ, "ತನ್ನ ಸಾಲ" ಎಂದಿಲ್ಲ. ಜಾಮೀನುದಾರನ ಚೆಕ್ಕಿಗೂ ಇದು ಅನ್ವಯ ಎಂದು 2002ರಲ್ಲೇ ತೀರ್ಮಾನವಾಗಿದೆ. ವಕೀಲಿ ಹಿಡಿದ ಹೊಸತರಲ್ಲಿ ನಾನೂ ಸ್ನೇಹಿತನ ಚೀಟಿ ವ್ಯವಹಾರಕ್ಕೆ ಎರಡು ಹಾಳೆ ಸಹಿ ಮಾಡಿ ಕೊಟ್ಟಿದ್ದೆ, ಕಾನೂನು ಓದಿದವನೇ! ಅವನು ಕಂತು ನಿಲ್ಲಿಸಿದ ಮೇಲೆ ಆ ಹಾಳೆ ಬಿಡಿಸಿಕೊಳ್ಳಲು ನನ್ನ ಜೇಬಿನಿಂದ ನಾಲ್ಕು ಕಂತು ಹೋಯಿತು.

ಜಂಟಿ ಖಾತೆಯ ಚೆಕ್ಕಾದರೆ ಸಹಿ ಹಾಕಿದವರು ಮಾತ್ರ ಹೊಣೆ. ಗಂಡ ಸಹಿ ಹಾಕಿದ ಚೆಕ್ಕಿಗೆ ಹೆಂಡತಿಯನ್ನು ಆರೋಪಿ ಮಾಡುವಂತಿಲ್ಲ. ಸಹಿ ಹಾಕಿದವರು ತೀರಿಕೊಂಡರೆ ಅಲ್ಲಿಗೆ ಕ್ರಿಮಿನಲ್ ಕೇಸು ಮುಗಿಯಿತು. ಮಕ್ಕಳ ಮೇಲೆ 138 ಹಾಕಲು ಬರುವುದಿಲ್ಲ. ಅವರು ಬಿಟ್ಟುಹೋದ ಆಸ್ತಿಯ ಮೇಲೆ ಸಾಲ ವಸೂಲಿಗೆ ದಾವೆ ಮಾತ್ರ.

ಪೊಲೀಸರಿಗೆ ಹೇಳಿ ಒಳಗೆ ಹಾಕಿಸುತ್ತೇನೆ ಅಂತಿದ್ದಾರೆ.

ಚೆಕ್ ಬೌನ್ಸ್ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ಹಿಡಿದೊಯ್ಯುವ ಅಪರಾಧವಲ್ಲ. ಕೋರ್ಟಿಗೆ ಖಾಸಗಿ ದೂರು ಕೊಡಬೇಕು. ಜಾಮೀನು ಸಿಗುವ ಅಪರಾಧ ಇದು. ಠಾಣೆಗೆ ಕರೆಸಿ "ಸೆಟ್ಲ್ ಮಾಡಿಕೊಳ್ಳಿ" ಎಂದು ಕೂರಿಸಿದರೆ, ಚೆಕ್ ವಿಷಯ ಕೋರ್ಟಿನದು ಎಂದು ಮೆತ್ತಗೆ ಹೇಳಿ ಬನ್ನಿ. ಅಲ್ಲಿ ಹೊಸ ಕಾಗದಕ್ಕೆ ಸಹಿ ಹಾಕಬೇಡಿ.

ಪೊಲೀಸರು ನಿಜವಾಗಿಯೂ ಮನೆಗೆ ಬರುವುದು ಯಾವಾಗ ಗೊತ್ತೇ? ಸಮನ್ಸ್ ಬಂದರೂ ಕೋರ್ಟಿಗೆ ಹೋಗದಿದ್ದಾಗ. ಮೊದಲು ಜಾಮೀನು ಸಹಿತ ವಾರಂಟು, ಆಮೇಲೆ ಜಾಮೀನುರಹಿತ. ನಾನು ನೋಡಿದ ಮಟ್ಟಿಗೆ ಚೆಕ್ ಕೇಸಿನಲ್ಲಿ ಬಂಧನವಾದವರು ಹೆಚ್ಚಾಗಿ ದಿನಾಂಕ ತಪ್ಪಿಸಿದವರೇ.

ಶಿಕ್ಷೆ ಎಷ್ಟು?

ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಸಾಮಾನ್ಯವಾಗಿ ದಂಡ ಹಾಕಿ, ಅದರ ಬಹುಪಾಲು ದೂರುದಾರನಿಗೆ ಪರಿಹಾರ ಎಂದು ಬರೆಯುತ್ತಾರೆ. ಕಟ್ಟದಿದ್ದರೆ ಇಷ್ಟು ತಿಂಗಳು ಸಜೆ ಎಂಬ ಸಾಲು ಕೆಳಗೆ ಇರುತ್ತದೆ.

2018ರ ತಿದ್ದುಪಡಿಯ ನಂತರ ಕೇಸು ನಡೆಯುತ್ತಿರುವಾಗಲೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಕೊಡಿಸಲೇಬೇಕೆಂದಿಲ್ಲ, ಅದು ನ್ಯಾಯಾಧೀಶರ ವಿವೇಚನೆ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಸೋತು ಮೇಲ್ಮನವಿ ಹಾಕಿದರೆ ದಂಡದ ಅಥವಾ ಪರಿಹಾರದ ಕನಿಷ್ಠ ಶೇ. 20 ಠೇವಣಿ ಇಡಲು ಹೇಳಬಹುದು.

ರಾಜಿ ಮಾಡಿಕೊಳ್ಳಬಹುದೇ? ಯಾವಾಗ?

ಯಾವಾಗ ಬೇಕಾದರೂ. ಬೇಗ ಮಾಡಿದಷ್ಟು ಖರ್ಚು ಕಡಿಮೆ. 2025ರ ಸೆಪ್ಟೆಂಬರ್‌ನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೊಸ ಲೆಕ್ಕ ಹಾಕಿಕೊಟ್ಟಿದೆ. ಆರೋಪಿ ಕಡೆಯ ಸಾಕ್ಷ್ಯ ದಾಖಲಾಗುವ ಮೊದಲೇ ಚೆಕ್ ಮೊತ್ತ ಕೊಟ್ಟರೆ ಹೆಚ್ಚುವರಿ ಏನೂ ಇಲ್ಲ. ಅದಾದ ಮೇಲೆ ತೀರ್ಪಿಗೆ ಮೊದಲು ಆದರೆ ಶೇ. 5, ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ ಶೇ. 7.5, ಸುಪ್ರೀಂ ಕೋರ್ಟಿನಲ್ಲಿ ಶೇ. 10. ಲೋಕ ಅದಾಲತ್ ಕೂಡ ಒಳ್ಳೆಯ ದಾರಿ, ಕಂತಿನ ಮಾತು ಅಲ್ಲಿ ಸಲೀಸು. ಆದರೆ ಕಟ್ಟಲಾಗದ ಕಂತಿಗೆ ಒಪ್ಪಿಕೊಳ್ಳಬೇಡಿ. ಮತ್ತು ರಾಜಿಗೆಂದು ಹೊಸ ಚೆಕ್ ಕೊಡುವ ಮುನ್ನ ಮೂರು ಸಲ ಯೋಚಿಸಿ.

ನಾನು ಸಾಲ ಕೊಟ್ಟವನು. ಭದ್ರತೆಗೆ ಚೆಕ್ ಪಡೆದಿದ್ದೇನೆ. ನನಗೆ ಏನು ಹೇಳುತ್ತೀರಿ?

ನಿಮ್ಮ ಚೆಕ್ ಗಟ್ಟಿ, ನಿಮ್ಮ ದಾಖಲೆ ತೆಳು, ಅದೇ ತೊಂದರೆ. ಹಣ ಬ್ಯಾಂಕ್ ಮೂಲಕ ಕೊಡಿ. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆಯಬಾರದು ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ನಗದು ಕೊಟ್ಟ ಮಾತ್ರಕ್ಕೆ ಸಾಲ ಅಸಿಂಧು ಆಗುವುದಿಲ್ಲ ಎಂದು ಅದೇ 2025ರ ತೀರ್ಪು ಹೇಳಿದೆ ನಿಜ. ಆದರೂ "ಮನೆಯಲ್ಲಿ ಇಟ್ಟಿದ್ದ ನಾಲ್ಕು ಲಕ್ಷ ಕೊಟ್ಟೆ" ಎಂದಾಗ ಪಾಟಿ ಸವಾಲಿನಲ್ಲಿ ಬೆವರುವವರು ನೀವೇ.

ಚೆಕ್ಕಿನಲ್ಲಿ ನಿಜವಾದ ಬಾಕಿಗಿಂತ ಒಂದು ರೂಪಾಯಿ ಜಾಸ್ತಿ ಬರೆಯಬೇಡಿ. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಕೇಳಿ. ಟೈಪಿಂಗ್ ತಪ್ಪಿನಿಂದ ಮೊತ್ತ ಬದಲಾದರೂ ನೋಟಿಸ್ ಅಸಿಂಧು ಎಂದು 2025ರಲ್ಲೇ ಇನ್ನೊಂದು ತೀರ್ಪು ಬಂದಿದೆ. ನೋಟಿಸ್ ತಲುಪಿ 15 ದಿನ ಮುಗಿಯುವ ಮೊದಲೇ ದೂರು ಹಾಕಿದರೂ ಅದು ಬೀಳುತ್ತದೆ. ಕೇಸು ಹಾಕಬೇಕಾದ್ದು ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ. ಸಿವಿಲ್ ದಾವೆಯ ಮೂರು ವರ್ಷದ ಗಡುವನ್ನೂ ಮರೆಯಬೇಡಿ, ಚೆಕ್ ಕೇಸು ನಡೆಯುತ್ತಿದೆ ಎಂದು ಅದು ನಿಮಗಾಗಿ ಕಾಯುವುದಿಲ್ಲ.

ಆ್ಯಪ್‌ನಲ್ಲಿ ಸಾಲ ತೆಗೆದುಕೊಂಡೆ, ಚೆಕ್ ಕೊಟ್ಟಿಲ್ಲ. ಖಾತೆಯಿಂದ ಕಂತು ಕಡಿತಕ್ಕೆ ಒಪ್ಪಿಗೆ ಮಾತ್ರ ಕೊಟ್ಟಿದ್ದೇನೆ.

ಅದು ಬೌನ್ಸ್ ಆದರೂ ಕೇಸು ಬರಬಹುದು. 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಂ. ಶಿಕ್ಷೆ 138ರಷ್ಟೇ.

ಮಗ ದುಬೈಯಲ್ಲಿದ್ದಾನೆ, ಅಲ್ಲಿ ಸಾಲಕ್ಕೆ ಚೆಕ್ ಕೊಟ್ಟಿದ್ದಾನೆ. ಜೈಲಿಗೆ ಹಾಕುತ್ತಾರಂತೆ?

ಕರಾವಳಿಯ ಮನೆಗಳಿಂದ ಈ ಫೋನ್ ಬರುತ್ತಲೇ ಇರುತ್ತದೆ. ಮೊದಲು ಹಾಗಿತ್ತು. 2022ರ ಜನವರಿ 2ರಿಂದ ಅಲ್ಲಿನ ಕಾನೂನು ಬದಲಾಗಿದೆ. ಬರೀ ಹಣ ಸಾಲದೆ ಚೆಕ್ ವಾಪಸಾದರೆ ಈಗ ಅದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧವಲ್ಲ. ಆದರೆ ವಾಪಸಾದ ಚೆಕ್ಕೇ ಕೋರ್ಟಿನ ಡಿಕ್ರಿಯಂತೆ, ಬೇರೆ ದಾವೆ ಇಲ್ಲದೆ ನೇರ ವಸೂಲಿಗೆ ಹೋಗಬಹುದು. ಬೇಕೆಂದೇ ಖಾತೆ ಮುಚ್ಚುವುದು, ಚೆಕ್ ಪಾಸಾಗದಂತೆ ಮೊದಲೇ ಹಣ ತೆಗೆಯುವುದು, ನಕಲಿ ಸಹಿ, ಇವು ಈಗಲೂ ಅಪರಾಧವೇ.

ಚೆಕ್ ಕೊಡದೆ ಬೇರೆ ದಾರಿಯೇ ಇಲ್ಲ. ಹೇಗೆ ಕೊಡಲಿ?

ಖಾಲಿ ಕೊಡಬೇಡಿ. ಹೆಸರು ಬರೆದು ಕ್ರಾಸ್ ಮಾಡಿ, "ಅಕೌಂಟ್ ಪೇಯಿ" ಎಂದು ಬರೆಯಿರಿ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ತುಂಬಿ. ಅದು ನೀವು ಪಡೆದ ಅಸಲಿಗಿಂತ ಹೆಚ್ಚಿರದಿರಲಿ. ಒಂದು ಬಿಳಿ ಹಾಳೆಯಲ್ಲಿ ಇಷ್ಟು ಬರೆಯಿರಿ: ಇಂಥ ದಿನ ಇಷ್ಟು ಸಾಲ ಪಡೆದಿದ್ದೇನೆ, ಅದಕ್ಕೆ ಭದ್ರತೆಯಾಗಿ ಇಂಥ ಬ್ಯಾಂಕಿನ ಇಂಥ ನಂಬರಿನ ಒಂದು ಚೆಕ್ ಕೊಟ್ಟಿದ್ದೇನೆ, ಸಾಲ ತೀರಿದ ದಿನ ವಾಪಸ್ ಪಡೆಯುತ್ತೇನೆ. ಇಬ್ಬರೂ ಸಹಿ ಹಾಕಿ. ಸಹಿ ಹಾಕಲು ಅವರು ಹಿಂದೇಟು ಹಾಕಿದರೆ, ಚೆಕ್ ಕೈಯಲ್ಲಿ ಕೊಟ್ಟ ಮೇಲೆ ಅದೇ ಮಾತನ್ನು ವಾಟ್ಸಾಪಿನಲ್ಲಿ ಚೆಕ್ಕಿನ ಫೋಟೊ ಸಮೇತ ಕಳಿಸಿಬಿಡಿ. ಅವರು ಒಂದು ಹೆಬ್ಬೆಟ್ಟು ಎತ್ತಿದ ಗುರುತು ಒತ್ತಿದರೂ ಆಯಿತು. ಚೆಕ್ ಪುಸ್ತಕದ ಕೌಂಟರ್ ಹಾಳೆಯಲ್ಲಿ ಹೆಸರು, ದಿನಾಂಕ ಗುರುತು ಹಾಕಿ, ಆ ಪುಸ್ತಕ ಎಸೆಯಬೇಡಿ.

ಸಾಲ ತೀರಿತು. ಚೆಕ್ ಕೇಳಿದರೆ "ಎಲ್ಲೋ ಇದೆ, ಹರಿದು ಹಾಕ್ತೀನಿ ಬಿಡಿ" ಅಂತಾರೆ.

ಬಿಡಬೇಡಿ. ಕೊನೆಯ ಕಂತನ್ನು ಚೆಕ್ ಕೈಗೆ ಬರುವವರೆಗೆ ಹಿಡಿದಿಟ್ಟುಕೊಳ್ಳಿ. ಅದನ್ನೂ ಕೊಟ್ಟಾಗಿದ್ದರೆ ಸಾಲ ಪೂರ್ತಿ ತೀರಿದೆ ಎಂದು ಎರಡು ಸಾಲು ಬರೆಸಿಕೊಳ್ಳಿ, ಚೆಕ್ ನಂಬರ್ ಅದರಲ್ಲಿರಲಿ. ಅದೂ ಆಗದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಚೆಕ್ ವಾಪಸ್ ಕೇಳಿ, ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಪತ್ರ ಕೊಡಿ. ಚೆಕ್ ವಾಪಸ್ ಬಂದ ದಿನ ನಂಬರ್ ನಿಮ್ಮದೇನಾ ನೋಡಿ, ಅವರ ಎದುರೇ ಸಹಿಯ ಮೇಲೆ ಗೀಟು ಎಳೆದು ಫೋಟೊ ತೆಗೆದುಕೊಳ್ಳಿ. ಕೊಟ್ಟದ್ದು ಎರಡು ಹಾಳೆಯಾಗಿದ್ದರೆ ಎರಡನ್ನೂ ಎಣಿಸಿಕೊಳ್ಳಿ.